ಮೇಜಿನ ಮೇಲಿನ ಕೈಲಾಸ

ಮಹಾರಾಷ್ಟ್ರದಲ್ಲಿ ಮನೆ ಮಾಡಿಕೊಂಡ ಕನ್ನಡಿಗನಿಗೆ ಊರಿನ ಮಂದಿಯ ಕೊರತೆ ಬೀಳುವುದಿಲ್ಲ. ನಾಸಿಕದಲ್ಲಿ ಇದ್ದರಂತೂ ಕೇಳಲೇಬೇಡಿ. ಶಿರಡಿ, ಶನಿ ಶಿಂಗಣಾಪುರ, ತ್ರ್ಯಂಬಕೇಶ್ವರ, ಪಂಚವಟಿ, ಕಡೆಗೆ ವೇರೂಳಿನ ಘೃಷ್ಣೇಶ್ವರ ಅಂತ ಸುತ್ತು ಹಾಕುವ ಟೆಂಪೋ ಟ್ರಾವೆಲರ್‌ಗಳೆಲ್ಲ ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತವೇನೋ ಅನ್ನಿಸುತ್ತದೆ. ಬಂದವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕರದಂಟು ತರುತ್ತಾರೆ. ಒಂದು ರಾತ್ರಿ ಮಲಗಿ, ಬೆಳಿಗ್ಗೆ ನಾಸಿಕದ ಮಿಸಳ್ ತಿಂದು, "ಖಾರ ನಮ್ಮಕಿಂತ ಕಡಿಮೀನ ಬಿಡು" ಎಂದು ತೀರ್ಪು ಕೊಟ್ಟು ಹೊರಡುತ್ತಾರೆ. ಈ ನಡುವೆ ಹಾಲಿನ ಮೂಲೆಯಲ್ಲಿರುವ ಮೇಜು ಅವರ ಕಣ್ಣಿಗೆ ಬೀಳದೆ ಇರುವುದಿಲ್ಲ.

"ಇದೇನಪಾ?"

"ವೇರೂಳಿನ ಕೈಲಾಸ. ನಾವು ಎಲ್ಲೋರಾ ಅಂತೀವಲ್ಲ, ಅದು. ಮಾದರಿ ಮಾಡಾಕತ್ತೀನಿ."

"ಭಾಳ ಚಂದ ಐತಿ. ಯಾವಾಗ ಮುಗೀತೈತಿ?"

ಹವ್ಯಾಸಕ್ಕೆ ಮಾದರಿ ಮಾಡುವವರನ್ನು ಕೇಳಿ ನೋಡಿ, ಅವರೆಲ್ಲ ಹೆದರುವ ಪ್ರಶ್ನೆ ಇದೊಂದೇ. ಆಫೀಸಿನ ಕೆಲಸಕ್ಕೆ ಸಾಹೇಬ ಇರುತ್ತಾನೆ, ಮನೆಯ ಕೆಲಸಕ್ಕೆ ಹೆಂಡತಿ ಇರುತ್ತಾಳೆ. ಹವ್ಯಾಸಕ್ಕೆ ಯಾರೂ ಇಲ್ಲ. ಅದು ನಿಂತರೆ ಯಾರ ಸಂಬಳವೂ ಕಡಿತವಾಗುವುದಿಲ್ಲ. ಅದಕ್ಕೇ ಅದು ಅಷ್ಟು ಸುಲಭವಾಗಿ ನಿಲ್ಲುತ್ತದೆ.

ನನ್ನದು ಬಾದಾಮಿ ಹತ್ತಿರದ ಒಂದು ಹಳ್ಳಿ. ಕಸಬು ಟೂಲ್‌ರೂಮಿನದು. ಅಚ್ಚು, ಡೈ, ಅರ, ವರ್ನಿಯರ್ ಇವುಗಳ ನಡುವೆಯೇ ವಯಸ್ಸಾಯಿತು. 2003ರಲ್ಲಿ ನಾಸಿಕದ ಅಂಬಡ್ ಕೈಗಾರಿಕಾ ಪ್ರದೇಶಕ್ಕೆ ಬಂದೆ. ಎರಡು ವರ್ಷ ಇದ್ದು ಹೋಗೋಣ ಅಂದುಕೊಂಡವನು ಗೋದಾವರಿ ನೀರು ಕುಡಿದು ಇಲ್ಲೇ ಉಳಿದೆ. ಕಾವೇರಿಯಿಂದ ಗೋದಾವರಿಯ ತನಕ ಕನ್ನಡನಾಡು ಎಂದು 'ಕವಿರಾಜಮಾರ್ಗ' ಹೇಳುತ್ತದಲ್ಲ, ಆ ಲೆಕ್ಕದಲ್ಲಿ ನಾನು ಊರು ಬಿಟ್ಟೇ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅಪ್ಪ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ವರ್ಷಕ್ಕೊಮ್ಮೆ ಮಕ್ಕಳನ್ನು ಪಟ್ಟದಕಲ್ಲಿಗೆ ಕರೆದುಕೊಂಡು ಹೋಗಿ ವಿರೂಪಾಕ್ಷ ಗುಡಿಯ ಮುಂದೆ ನಿಲ್ಲಿಸಿ ಪಾಠ ಹೇಳುತ್ತಿದ್ದರು. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದು, ರಾಣಿ ಲೋಕಮಹಾದೇವಿ ಆ ಗೆಲುವಿಗಾಗಿ 740ರ ಸುಮಾರಿಗೆ ಈ ಗುಡಿ ಕಟ್ಟಿಸಿದ್ದು, ಮುಂದೆ ಚಾಲುಕ್ಯರು ಹೋಗಿ ರಾಷ್ಟ್ರಕೂಟರು ಬಂದದ್ದು, ಇದೇ ಗುಡಿಯ ಧಾಟಿಯಲ್ಲಿ ಒಂದನೇ ಕೃಷ್ಣ ಎಲ್ಲೋರದ ಗುಡ್ಡದಲ್ಲಿ ಕೈಲಾಸ ಕೊರೆಸಿದ್ದು. ಮೂವತ್ತು ವರ್ಷ ಇದನ್ನೇ ಹೇಳಿದ ಮನುಷ್ಯ ಕೈಲಾಸವನ್ನು ಮಾತ್ರ ಕಂಡಿರಲಿಲ್ಲ. ಮಗ ಮಹಾರಾಷ್ಟ್ರದಾಗ ಅದಾನ, ಹೋದರಾತು ಅನ್ನುತ್ತ ಹೊಲ, ಮದುವೆ, ಅವ್ವನ ಔಷಧಿ ಎಂದು ವರ್ಷ ದಾಟಿಸಿದರು. 2015ರಲ್ಲಿ ಕಡೆಗೂ ಬಂದಾಗ ಗ್ಲಾಕೋಮಾ ಅವರ ಕಣ್ಣನ್ನು ಹೆಚ್ಚು ಕಡಿಮೆ ತಿಂದು ಹಾಕಿತ್ತು. ನೆರಳು ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕೈಲಾಸದ ಅಂಗಳದಲ್ಲಿ ಮುಖ ಮೇಲೆತ್ತಿ ಬಹಳ ಹೊತ್ತು ನಿಂತು, "ತಮ್ಮಾ, ಇಷ್ಟ ದೊಡ್ಡದಕ್ಕ ಕಣ್ಣು ಬೇಕು. ಸಣ್ಣದಿದ್ರ ಕೈ ಸಾಕಾಗ್ತಿತ್ತು" ಅಂದರು.

ಮಾದರಿ ಹುಟ್ಟಿದ್ದು ಆ ಮಾತಿನಿಂದ. 2016ರ ಯುಗಾದಿಗೆ ಶುರು ಮಾಡಿದೆ. ಕೈಲಾಸದ ಅಂಗಳ ಸುಮಾರು 276 ಅಡಿ ಉದ್ದ, 154 ಅಡಿ ಅಗಲ. ಹಿಂದಿನ ಬಂಡೆಗೋಡೆಯ ಎತ್ತರ ಸುಮಾರು 107 ಅಡಿ. 1:100 ಸ್ಕೇಲಿನಲ್ಲಿ 84 ಸೆಂಟಿಮೀಟರ್ ಉದ್ದ, 47 ಅಗಲ, 33 ಎತ್ತರ. ಒಂದು ಸಾಧಾರಣ ಮೇಜಿಗೆ ಹೇಳಿ ಮಾಡಿಸಿದ ಅಳತೆ. ಗುಡಿ ನಿಂತಿರುವ ಅಧಿಷ್ಠಾನವೇ ಸುಮಾರು 25 ಅಡಿ, ಅಂದರೆ ನನ್ನ ಲೆಕ್ಕದಲ್ಲಿ ಎಂಟು ಸೆಂಟಿಮೀಟರ್. ಅದರ ಮೇಲಿನ ಭಾಗ ಅಪ್ಪನ ಒಂದು ಗೇಣು. ಸನ್‌ಬೋರ್ಡ್ ಪದರ ಪದರವಾಗಿ ಅಂಟಿಸುವುದು, ಬೆರಳು ಒತ್ತಿದರೆ ತಗ್ಗು ಬೀಳದ ಹಾಗೆ ಮೇಲೆ ಎಂ-ಸೀಲ್ ಮೆತ್ತಿ ಕೆತ್ತುವುದು, ಹೀಗೆ ಯೋಜನೆ. ನೋಡುವ ಮಾದರಿಗೂ ಮುಟ್ಟುವ ಮಾದರಿಗೂ ವ್ಯತ್ಯಾಸ ಇದೆ. ನೋಡುವುದಕ್ಕೆ ಬಣ್ಣ ಸಾಕು. ಮುಟ್ಟುವುದಕ್ಕೆ ಪ್ರತಿ ಮೂಲೆಯೂ ನಿಜವಾಗಿ ಇರಬೇಕು.

ಮನೆ ಕಟ್ಟುವವರ ರೀತಿಯಲ್ಲೇ ಬುಡದಿಂದ ಶುರುವಾಯಿತು. ಬುಡದಲ್ಲಿ ಇರುವುದು ಆನೆಗಳು. ಇಡೀ ಗುಡಿಯನ್ನು ಬೆನ್ನ ಮೇಲೆ ಹೊತ್ತ ಹಾಗೆ ಸುತ್ತಲೂ ಆನೆ, ಸಿಂಹ. ನನ್ನ ಅಳತೆಗೆ ಮೂರು ಸೆಂಟಿಮೀಟರಿನ ನಲವತ್ತು ಆನೆ ಬೇಕಿತ್ತು. ಮೊದಲ ಆನೆ ಮಾಡುವಾಗ ಸಂಭ್ರಮ. ಮಗಳು ಅದಕ್ಕೆ ಹೆಸರನ್ನೂ ಇಟ್ಟಳು. ನಾಲ್ಕನೆಯದಕ್ಕೆ ಕೈ ಪಳಗಿತು. ಎಂಟನೆಯದಕ್ಕೆ ಬೇಸರ. ಹನ್ನೊಂದನೆಯ ಆನೆಗೆ ಸೊಂಡಿಲು ಕೂಡಿಸಿ ಎದ್ದವನು ಮತ್ತೆ ಕೂರಲಿಲ್ಲ. ಅದು 2017ರ ಮಳೆಗಾಲ. ಹಸಿ ಹವೆಗೆ ಫೆವಿಕಾಲ್ ಬೇಗ ಒಣಗುತ್ತಿಲ್ಲ ಎಂದು ನೆಪ ಹೇಳಿದೆ. ಚಳಿಗಾಲ ಬಂತು, ಫೆವಿಕಾಲ್ ಚೆನ್ನಾಗಿಯೇ ಒಣಗುತ್ತಿತ್ತು. ಅಷ್ಟರಲ್ಲಿ ಮೇಜಿನ ಮೇಲೆ ಹಳೆ ಚಾದರ, ಚಾದರದ ಮೇಲೆ ಇಸ್ತ್ರಿ ಬಟ್ಟೆ ಬಂದಿದ್ದವು. "ದೇವರ ಮ್ಯಾಲೆ ಅರಬಿ ಇಡಬಾರ್ದು ಅನ್ನೂದಿದ್ರ ಲಗೂ ಮುಗಸ್ರಿ" ಎಂದು ಹೆಂಡತಿ ಕಾನೂನು ಹೇಳಿದಳು.

2018ರಲ್ಲಿ ವಾಳೂಜಿಗೆ ವರ್ಗವಾಯಿತು. ಆಗ ಔರಂಗಾಬಾದ್ ಎನ್ನುತ್ತಿದ್ದ ಊರು, 2023ರಿಂದ ಛತ್ರಪತಿ ಸಂಭಾಜಿನಗರ. ನಾಸಿಕದಲ್ಲೂ ಸಿಡ್ಕೊ ಬಡಾವಣೆ, ಇಲ್ಲೂ ಸಿಡ್ಕೊ ಬಡಾವಣೆ. ವಿಳಾಸದಲ್ಲಿ ಊರಿನ ಹೆಸರೊಂದೇ ಬದಲು. ಸಾಮಾನು ಸಾಗಿಸಿದವರು ಎರಡು ಆನೆಗಳ ಸೊಂಡಿಲು ಮುರಿದು ತಂದುಕೊಟ್ಟರು. ಹೊಸ ಮನೆ ಮಾಲೀಕರು ಬಾಡಿಗೆಗೆ ಬಂದಾಗಲೆಲ್ಲ "ಝಾಲಂ ಕಾ ಮಂದಿರ?" ಎಂದು ಕೇಳತೊಡಗಿದರು. 2020ರಲ್ಲಿ ಲಾಕ್‌ಡೌನ್ ಬಂತು. ವಾರಗಟ್ಟಲೆ ಮನೆಯಲ್ಲೇ ಕೂತಿದ್ದೆ. ಎಲ್ಲರೂ ಈಗ ನಿನ್ನ ಕೈಲಾಸ ಮುಗಿಯಿತು ಅಂದರು. ಒಂದು ಆನೆಯ ಬಾಲವನ್ನೂ ಮಾಡಲಿಲ್ಲ. ಹೊತ್ತು ಇಲ್ಲದ್ದಕ್ಕೆ ಕೆಲಸ ನಿಂತಿದೆ ಎಂಬ ನಂಬಿಕೆಯೂ ಅಲ್ಲಿಗೆ ಹೋಯಿತು.

ವಾರಕ್ಕೊಮ್ಮೆ ಅಪ್ಪನ ಫೋನು. ಬೆಳೆ, ಮಳೆ, ಅವ್ವನ ಮೊಣಕಾಲು ಎಲ್ಲ ಮಾತಾಡಿ ಕಡೆಗೆ, "ಎಲ್ಲೀತನಾ ಬಂತಪಾ?" ಮೊದಮೊದಲು ಕೇಳುತ್ತಿದ್ದರು. ಆಮೇಲೆ ಆ ಪ್ರಶ್ನೆ ಬಿಟ್ಟರು. ನಿಜ ಹೇಳಬೇಕೆಂದರೆ ನೆಂಟರ ಪ್ರಶ್ನೆಗಿಂತ ಅಪ್ಪ ಕೇಳದೆ ಬಿಟ್ಟದ್ದೇ ಹೆಚ್ಚು ಚುಚ್ಚಿತು. ಅವರಿಗೆ ಆಗ ಎಂಬತ್ತರ ಹತ್ತಿರ. ಊರು ಬಿಟ್ಟವರಿಗೆ ಒಂದು ವಿಚಿತ್ರ ಕ್ಯಾಲೆಂಡರ್ ಇರುತ್ತದೆ ನೋಡಿ. ಅದರಲ್ಲಿ ಮುಂದಿನ ರಜೆ, ಮುಂದಿನ ದೀಪಾವಳಿ, ರಿಟೈರ್ ಆದ ಮೇಲೆ ಎಂಬ ತಾರೀಖುಗಳೇ ಜಾಸ್ತಿ. ಊರಲ್ಲಿರುವ ಮುದುಕರ ಕ್ಯಾಲೆಂಡರ್ ಬೇರೆ.

2021ರ ಕಡೆಯಲ್ಲಿ, ಒಂದು ಭಾನುವಾರ, ದೌಲತಾಬಾದ್, ಖುಲ್ದಾಬಾದ್ ದಾಟಿ ವೇರೂಳಿಗೆ ಹೋದೆ. ನಮ್ಮ ಮನೆಯಿಂದ ಮೂವತ್ತು ಕಿಲೋಮೀಟರ್ ಚಿಲ್ಲರೆ ದಾರಿ. ಈ ಸಲ ಅಂಗಳಕ್ಕೆ ಇಳಿಯದೆ ಪಕ್ಕದ ಗುಡ್ಡ ಹತ್ತಿ ಮೇಲಿನಿಂದ ನೋಡಿದೆ. ಮಂಟಪದ ಚಾವಣಿಯ ಮೇಲೆ ಅರಳಿದ ದೊಡ್ಡ ಕಮಲ, ಸುತ್ತ ನಾಲ್ಕು ಸಿಂಹ, ಹಿಂದೆ ಮೂರು ಅಂತಸ್ತಿನ ಶಿಖರ. ಕೈಲಾಸವನ್ನು ಮೇಲಿನಿಂದ ಕೆಳಕ್ಕೆ ಕಡಿದರು ಎಂಬುದು ನಮಗೆಲ್ಲ ಪರೀಕ್ಷೆಯ ಉತ್ತರವಾಗಿ ಗೊತ್ತು. ಗುಡ್ಡದ ಮೂರು ಕಡೆ ಕಂದಕ ತೋಡಿ, ನಡುವೆ ಉಳಿದ ಬಂಡೆಯನ್ನು ತುದಿಯಿಂದ ಕೆತ್ತುತ್ತ ಇಳಿದರು. ಹೊರಗೆ ಹಾಕಿದ ಕಲ್ಲು ಒಂದೂವರೆ ಎರಡು ಲಕ್ಷ ಟನ್ ಎಂದು ಅಂದಾಜು. ಹೀಗೆ ಮಾಡಿದರೆ ಸಾರುವೆ ಬೇಕಿಲ್ಲ, ಕಡಿಯದ ಬಂಡೆಯೇ ಕಾಲಿಗೆ ನೆಲ. ಇಷ್ಟೂ ಗೊತ್ತಿತ್ತು. ಆದರೆ ಕೆಲಸ ಮಾಡುವವನಿಗೆ ಇದರಿಂದ ಏನಾಗುತ್ತಿತ್ತು ಎಂಬುದು ಆವತ್ತು ಹೊಳೆಯಿತು.

ಆ ಕಮಲದ ಕೊನೆಯ ಎಸಳು ಕೆತ್ತಿ ಮುಗಿಸಿದವನ ಕೆಳಗೆ ಗುಡಿ ಇರಲಿಲ್ಲ. ಬರೀ ಬಂಡೆ. ಅವನ ಮುಂದೆ ಅರ್ಧಂಬರ್ಧ ಗುಡಿ ಎಂಬುದೇ ಇರಲಿಲ್ಲ. ಮೇಲೆ ಪೂರ್ತಿ ಮುಗಿದ ಕೆಲಸ, ಕೆಳಗೆ ಇನ್ನೂ ಶುರುವಾಗದ ಕೆಲಸ. ನನ್ನ ಮೇಜಿನ ಮೇಲೆ ಇದರ ತಿರುಗುಮುರುಗು. ಬುಡ ಕಾಲು ಭಾಗ, ಕಂಬ ನಾಲ್ಕು, ಗೋಡೆ ಒಂದು ಕಡೆ, ಮುಗಿದದ್ದು ಅಂತ ಕೈಗೆ ಎತ್ತಿಕೊಡಲು ಒಂದೂ ಇಲ್ಲ.

ಕೈಲಾಸದ ಬಗ್ಗೆ 812ರ ಸುಮಾರಿನ ಬರೋಡಾ ತಾಮ್ರಪಟದಲ್ಲಿ ಒಂದು ವರ್ಣನೆ ಇದೆ. ಗುಜರಾತಿನ ರಾಷ್ಟ್ರಕೂಟ ಶಾಖೆಯ ಕರ್ಕನದು ಆ ಶಾಸನ. ಗುಡಿಯನ್ನು ಕಂಡು ಆಕಾಶದಲ್ಲಿ ಹೋಗುವ ದೇವತೆಗಳೂ ಬೆರಗಾದರು, ಮಾಡಿದ ಶಿಲ್ಪಿಯೇ ಇದನ್ನು ನಾನು ಹೇಗೆ ಮಾಡಿದೆ ಎಂದು ಬೆರಗಾದ ಎಂಬ ಅರ್ಥದ್ದು. ಅಪ್ಪನ ಪಾಠದಲ್ಲಿ ಇದು ತಪ್ಪದೆ ಬರುತ್ತಿತ್ತು. ಆದರೆ ಆ ಬೆರಗು ಮುಗಿದ ಮೇಲಿನದು. ನಡುವಿನ ದಿನಗಳಲ್ಲಿ, ನೂರನೇ ಆನೆಯ ಮುಂದೆ ಚಾಣ ಹಿಡಿದು ಕೂತವನಿಗೆ ಏನನ್ನಿಸಿತ್ತು ಎಂದು ಯಾವ ತಾಮ್ರಪಟವೂ ಹೇಳುವುದಿಲ್ಲ. ಒಂದನೇ ಕೃಷ್ಣ ಆಳಿದ್ದು 756ರಿಂದ 773ರ ತನಕ. ಕೆಲವು ಭಾಗಗಳು ಅವನ ನಂತರದವು ಎಂದು ವಿದ್ವಾಂಸರು ಶೈಲಿ ನೋಡಿ ಹೇಳುತ್ತಾರೆ. ದಕ್ಷಿಣದ ಬದಿಯಲ್ಲಿ ರಾವಣ ಕೈಲಾಸ ಅಲುಗಾಡಿಸುವ ಆ ಹೆಸರುವಾಸಿ ಶಿಲ್ಪವೂ ಹಾಗೆ ಆಮೇಲೆ ಬಂದದ್ದಂತೆ. ಅಂದರೆ ರಾಜರ ಕೆಲಸವೂ ಒಂದೇ ಉಸಿರಿನಲ್ಲಿ ಮುಗಿದದ್ದಲ್ಲ.

ಅವತ್ತೇ ಉತ್ತರದ ತುದಿಗೆ ನಡೆದು 30ನೇ ಗುಹೆಗೂ ಹೋದೆ. ಅಲ್ಲಿಗೆ ಪ್ರವಾಸಿಗಳು ಕಡಿಮೆ. ಜೈನರದ್ದು, ಛೋಟಾ ಕೈಲಾಸ ಎಂದೇ ಹೆಸರು. ದೊಡ್ಡ ಕೈಲಾಸವನ್ನು ಸಣ್ಣ ಅಳತೆಯಲ್ಲಿ ಬಂಡೆಯಲ್ಲೇ ಕೊರೆಯಲು ಹೊರಟು ಅರ್ಧಕ್ಕೆ ನಿಂತದ್ದು. ನನಗೆ ನಗು ಬಂತು. ಸಾವಿರ ವರ್ಷಕ್ಕೂ ಹಿಂದೆಯೇ ಕೈಲಾಸದ ಮಾದರಿಗೆ ಕೈ ಹಾಕಿ ನಿಲ್ಲಿಸಿದವರು ಇಲ್ಲಿದ್ದಾರೆ! ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ನಿಂತ ಕೆಲಸ ಎಂದರೆ ಅವಮಾನ ಎಂದೇನೂ ಆ ಕಲ್ಲು ಹೇಳುತ್ತಿರಲಿಲ್ಲ. ಮಾಡಿದಷ್ಟನ್ನು ಚೆನ್ನಾಗಿ ಮಾಡಿದ್ದರು, ಅಷ್ಟೇ.

ಮನೆಗೆ ಬಂದು ಮೊದಲು ಆನೆಗಳನ್ನು ಡಬ್ಬಿಗೆ ಹಾಕಿಟ್ಟೆ. ಎಂಟು ಸೆಂಟಿಮೀಟರ್ ದಪ್ಪದ ಸಾಗವಾನಿ ತುಂಡು ತಂದು ಬುಡದ ಜಾಗದಲ್ಲಿ ಕೂರಿಸಿದೆ. ಅದು ನನ್ನ ಬಂಡೆ. ಅದರ ಮೇಲೆ ಶಿಖರ ಶುರು ಮಾಡಿದೆ, ತುದಿಯಿಂದ. ಒಂದು ಅಂತಸ್ತು ಕೆತ್ತಿ, ತಿಕ್ಕಿ, ಬಣ್ಣ ಹಚ್ಚಿ, ಇನ್ನು ಇದನ್ನು ಮುಟ್ಟುವುದಿಲ್ಲ ಎನ್ನುವ ತನಕ ಕೆಳಗಿನದಕ್ಕೆ ಕೈ ಹಾಕುವುದಿಲ್ಲ ಎಂದು ನಿಯಮ ಮಾಡಿಕೊಂಡೆ.

ಇನ್ನೊಂದು ಉಪಾಯ ಕಾರ್ಖಾನೆಯಿಂದ ಬಂತು. ನಮ್ಮಲ್ಲಿ ಶಿಫ್ಟ್ ಮುಗಿಯುವಾಗ ಮುಂದಿನ ಶಿಫ್ಟಿನವನಿಗೆ ಬರೆದಿಟ್ಟು ಹೋಗುವ ಪದ್ಧತಿ. ಯಾವ ಮಷಿನ್ ಮೇಲೆ ಯಾವ ಕೆಲಸ ಎಲ್ಲಿಗೆ ನಿಂತಿದೆ, ಮುಂದೆ ಏನು ಮಾಡಬೇಕು. ಬಂದವನು ಯೋಚನೆ ಮಾಡುತ್ತ ನಿಲ್ಲಬಾರದು, ಓದಿ ಕೈ ಹಚ್ಚಬೇಕು. ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ಕೂತು, ಏಳುವ ಮೊದಲು ನಾಳೆ ಬರುವ ನನಗೆ ನಾನೇ ಒಂದು ಚೀಟಿ ಬರೆದಿಡತೊಡಗಿದೆ. "ಎರಡನೇ ಅಂತಸ್ತು, ಉತ್ತರ ಮೂಲೆ, 220 ನಂಬರ್ ಪಾಲಿಶ್ ಪೇಪರ್. ಅಷ್ಟೇ." ದಣಿದು ಬಂದ ಮನುಷ್ಯನಿಗೆ ಕೈಲಾಸ ಮಾಡು ಎಂದರೆ ಓಡಿಹೋಗುತ್ತಾನೆ. ಈ ಮೂಲೆ ತಿಕ್ಕು ಎಂದರೆ ತಿಕ್ಕುತ್ತಾನೆ. ನಾನು ಕಂಡುಕೊಂಡದ್ದು ಇಷ್ಟೇ: ಹುಮ್ಮಸ್ಸು ಬರಲಿ ಎಂದು ನಾಲ್ಕು ವರ್ಷ ಕಾದೆ, ಬರಲಿಲ್ಲ. ಒಂದು ಅಂತಸ್ತು ಪೂರ್ತಿ ಮುಗಿದ ದಿನ ಕರೆಯದೆ ಬಂತು.

2022ರ ದೀಪಾವಳಿಯ ಹೊತ್ತಿಗೆ ಶಿಖರ ಮುಗಿದಿತ್ತು. ಅದರ ಕೆಳಗೆ ಸಾಗವಾನಿ ತುಂಡು. ಪೂರ್ತಿ ಆಗಲಿ, ಆಮೇಲೆ ಒಯ್ಯೋಣ ಎಂದು ಹೆಂಡತಿ ಅಂದಳು. ಅದರ ಬದಲು ಬಟ್ಟೆ ಸುತ್ತಿ ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಹೊರಟೆವು. ಬೀಡ್ ಮೇಲೆ ಸೊಲ್ಲಾಪುರಕ್ಕೆ ಬಸ್ಸು. ಕಂಡಕ್ಟರ್ "ಕಾಯ್ ಆಹೇ?" ಎಂದು ಕೇಳಿದ. ಮಂದಿರದ ಶಿಖರ ಎಂದೆ. ಡಬ್ಬಿಯನ್ನು ಕಾಲ ಹತ್ತಿರ ಇಡಬೇಡಿ ಎಂದು ಗದರಿ, ತನ್ನ ಸೀಟಿನ ಪಕ್ಕ ಜಾಗ ಕೊಟ್ಟ. ಸೊಲ್ಲಾಪುರದಿಂದ ರೈಲು. ವಿಜಯಪುರ, ಬಾಗಲಕೋಟೆ, ಬಾದಾಮಿ.

ಪಡಸಾಲೆಯಲ್ಲಿ ಅಪ್ಪ ಕಾಲು ಮಡಚಿ ಕೂತರು. ಮುಂದೆ ಇಟ್ಟೆ. ಕೈ ಒರೆಸಿಕೊಂಡು, ತುದಿಯಿಂದಲೇ ಶುರು ಮಾಡಿದರು. ಬೆರಳು ನಿಧಾನವಾಗಿ ಸುತ್ತು ಬಂತು, ಮತ್ತೊಮ್ಮೆ ಬಂತು.

"ನಮ್ಮ ವಿರೂಪಾಕ್ಷಂದು ತುದಿ ಚೌಕ. ಇದು ಎಂಟು ಮೂಲಿ."

ನಾನು ಹೇಳಿಕೊಟ್ಟದ್ದಲ್ಲ. ಕೈ ಇಳಿಯಿತು. ಒಂದು, ಎರಡು, ಮೂರು ಎಂದು ಅಂತಸ್ತು ಎಣಿಸಿದರು. ಮುಂದೆ ಚಾಚಿದ ಶುಕನಾಸಿ ಬೆರಳಿಗೆ ತಾಗಿದಾಗ ಮುಖ ಅರಳಿತು. "ಮೂಗು ಐತಿ ನೋಡು! ಪಟ್ಟದಕಲ್ಲಿನಾಗೂ ಹಿಂಗ ಐತಿ." ಆಮೇಲೆ ಅವರ ಹಳೇ ಮಾಸ್ತರಿಕೆಯ ನಗೆಚಾಟಿಕೆ: "ನಾಸಿಕದಾಗ ಲಕ್ಷ್ಮಣ ಶೂರ್ಪನಖಿ ಮೂಗು ಕೊಯ್ದ. ನೀ ಅಲ್ಲೆ ಇದ್ದು ಬಂದು ಮೂಗು ಹಚ್ಚಿದಿ." ಅವ್ವ ಅಡುಗೆ ಮನೆಯಿಂದಲೇ ನಕ್ಕಳು.

ಕೈ ಇನ್ನೂ ಕೆಳಗೆ ಹೋಗಿ ಸಾಗವಾನಿ ತುಂಡನ್ನು ಸವರಿತು.

"ಇಲ್ಲೇನೂ ಇಲ್ಲಲ್ಲ?"

"ಕೆಳಗಿನ್ನೂ ಬಂಡಿ ಐತೆಪಾ. ಕಡದಿಲ್ಲ."

"ಹೌದಲ್ಲ, ಮ್ಯಾಲಿಂದ ಕೆಳಗ" ಎಂದು ತಮಗೆ ತಾವೇ ಪಾಠ ಒಪ್ಪಿಸಿದ ಹಾಗೆ ಅಂದು, ಮರದ ಮೇಲೆ ಎರಡು ಸಲ ತಟ್ಟಿದರು. "ಅಂದ್ರ ಇದು ಅರ್ಧ ಆಗಿಲ್ಲಂತಲ್ಲ. ಇಲ್ಲೀತನಾ ಆಗೇತಿ. ಆನಿ ಯಾವಾಗ ತರ್ತಿ?"

ಐದು ವರ್ಷ ನಿಂತಿದ್ದ ಪ್ರಶ್ನೆ ಹಾಗೆ ಮತ್ತೆ ಶುರುವಾಯಿತು.

ಆನೆಗಳ ವಿಷಯಕ್ಕೆ ನಮ್ಮೂರಿನ ಬೀಬಿ ಕಾ ಮಕ್ಬರಾ ದಾರಿ ತೋರಿಸಿತು. ಔರಂಗಜೇಬನ ಹೆಂಡತಿ ದಿಲ್ರಸ್ ಬಾನು ಬೇಗಮ್ಮಳ ಈ ಗೋರಿಯನ್ನು ಬಡವರ ತಾಜ್ ಎಂದು ಜನ ನಗುತ್ತಾರೆ. ವಿನ್ಯಾಸ ಮಾಡಿದವನು ತಾಜ್‌ಮಹಲಿನ ಶಿಲ್ಪಿ ಉಸ್ತಾದ್ ಅಹ್ಮದ್ ಲಾಹೋರಿಯ ಮಗ ಅತಾವುಲ್ಲಾ. ಅಪ್ಪನ ಹಾಗೆ ಅವನ ಕೈಯಲ್ಲಿ ಖಜಾನೆ ಇರಲಿಲ್ಲ. ಗುಮ್ಮಟಕ್ಕೆ ಮತ್ತು ಗೋಡೆಯ ಕೆಳಭಾಗಕ್ಕೆ ಅಮೃತಶಿಲೆ, ಉಳಿದ ಕಡೆ ಕಲ್ಲಿನ ಮೇಲೆ ಗಾರೆ. ಆದರೆ ಮುಗಿಸಿದ. ಮುನ್ನೂರೈವತ್ತು ವರ್ಷ ಕಳೆದರೂ ನಿಂತಿದೆ. ನಾನೂ ಹಾಗೇ ಲೆಕ್ಕ ಹಾಕಿದೆ. ಅಪ್ಪನ ಕೈ ಮೊದಲು ತಾಗುವ ದಕ್ಷಿಣ ಬದಿಯ ಹತ್ತು ಆನೆ ಕೈಯಿಂದಲೇ, ಒಂದೊಂದು ಒಂದೊಂದು ಥರ. ಹಿಂದಿನವಕ್ಕೆ ರಬ್ಬರ್ ಅಚ್ಚು ಮಾಡಿ ಎರಕ. ಸುತ್ತಲಿನ ಮೊಗಸಾಲೆಯ ಶಿಲ್ಪಗಳನ್ನು ಕೈಬಿಟ್ಟು ಸಾದಾ ಗೋಡೆ. ಮಾದರಿಯ ಪಂಡಿತರು ಒಪ್ಪಲಿಕ್ಕಿಲ್ಲ. ನನಗೆ ಪರೀಕ್ಷಕರು ಒಬ್ಬರೇ.

ಈಗಲೂ ಒಮ್ಮೊಮ್ಮೆ ನಿಲ್ಲುತ್ತದೆ. ಹೋದ ವರ್ಷ ಮಗಳ ಕಾಲೇಜಿನ ಓಡಾಟದಲ್ಲಿ ಮೂರು ತಿಂಗಳು ಚಾದರ ಹೊದ್ದು ಕೂತಿತ್ತು. ಮೊದಲಿನ ಹಾಗೆ ಗಾಬರಿ ಇಲ್ಲ. ಚಾದರ ತೆಗೆದರೆ ಕೊನೆಯ ಚೀಟಿ ಅಲ್ಲೇ ಇರುತ್ತದೆ. ಸೋಮವಾರದಿಂದ ಭಾನುವಾರದ ತನಕ ಏನೂ ಆಗದಿದ್ದರೂ ಶಿಖರ ಮಾತ್ರ ಮುಗಿದೇ ಇರುತ್ತದೆ, ಅದಕ್ಕೆ ಯಾರೂ ಏನೂ ಮಾಡಲಾರರು. ನೆಂಟರು ಬಂದು ಯಾವಾಗ ಮುಗೀತೈತಿ ಎಂದರೆ ಮುಗಿದ ಭಾಗವನ್ನು ತೋರಿಸುತ್ತೇನೆ. ಅವರೂ ಖುಷಿಯಾಗಿ ಮಿಸಳ್ ಬಿಟ್ಟು ಬೇರೆ ತಿಂಡಿ ಏನಿದೆ ಎಂದು ಕೇಳುತ್ತಾರೆ.

ಅಪ್ಪ ಪ್ರತಿ ವಾರ ಆನೆ ಲೆಕ್ಕ ಕೇಳುತ್ತಾರೆ. ಹೋದ ಭಾನುವಾರ ಮೂವತ್ತೊಂದು ಎಂದೆ. "ಇನ್ನ ಒಂಬತ್ತು" ಎಂದರು, ನಾನು ಕಳೆಯುವ ಮೊದಲೇ. ನಿನ್ನೆ ರಾತ್ರಿಯ ಚೀಟಿ ಮೇಜಿನ ಮೇಲಿದೆ: "ಆನೆ 32. ಸೊಂಡಿಲು ಕೂಡಿಸಿದೆ. ಒಣಗಲಿ, ಬೆಳಿಗ್ಗೆ ಮುಟ್ಟಬೇಡ. ಸಂಜೆ ಕಿವಿ."